ಒಲೆ ಪಕ್ಕದ ಸಂದು: ಮುಚ್ಚೋದಾ, ಬಿಡೋದಾ?

ಕಳೆದ ಜನವರಿಯಲ್ಲಿ, ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ, ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕಳಿಸಿದ್ದು ನಮ್ಮ ಸೀನಿಯರ್ ಅಕ್ಕ. ಇಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿ ಈಗ ಅಮೆರಿಕದ ವರ್ಮಾಂಟ್‌ನಲ್ಲಿ ಒಂದು ಹಳೇ ಮರದ ಮನೆಯಲ್ಲಿ ಬಾಡಿಗೆಗಿದ್ದಾರೆ. ಫೋಟೋದಲ್ಲಿ ಒಂದು ಕಪ್ಪು ಕಬ್ಬಿಣದ ಸೌದೆ ಸ್ಟವ್, ಅದರ ಕೆಳಗೆ ಇಟ್ಟಿಗೆ ಹಾಸು, ಸುತ್ತ ಪೈನ್ ಮರದ ಹಲಗೆಯ ನೆಲ. ಇಟ್ಟಿಗೆ ಮುಗಿದು ಹಲಗೆ ಶುರುವಾಗುವ ಕಡೆ ಒಂದು ಸಂದು. ಪೆನ್ನು ಇಳಿಸಿದರೆ ಒಳಗೆ ಹೋಗುವಷ್ಟು. ಕೆಳಗೆ ಅಕ್ಕನ ಮೆಸೇಜ್: "ಹೊರಗೆ ಮೈನಸ್ 20. ಈ ಸಂದಿನಿಂದ ರಾತ್ರಿಯೆಲ್ಲ ಕೊರೆಯೋ ಗಾಳಿ. ಅಂಗಡಿಯಲ್ಲಿ ಸ್ಪ್ರೇ ಫೋಮ್ ಸಿಗತ್ತೆ, ಹೊಡೆದುಬಿಡಲಾ? ಎಂಜಿನಿಯರುಗಳೇ, ಹೇಳಿ."

ನಾವು ಮೂವರು, ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಹತ್ತು ನಿಮಿಷದಲ್ಲಿ ಉತ್ತರ ಕೊಟ್ವಿ: "ಹೊಡೀರಿ ಅಕ್ಕ, ಏನೂ ಆಗಲ್ಲ."

ಆವತ್ತು ಅಲ್ಲಿ ಜೋರು ಹಿಮ ಬಿದ್ದು ಅಕ್ಕ ಅಂಗಡಿಗೆ ಹೋಗಲಿಲ್ಲ. ಹೋಗದೇ ಇದ್ದದ್ದು ಒಳ್ಳೇದೇ ಆಯ್ತು. ಮುಂದಿನ ಎರಡು ದಿನ ಕೂತು ಓದಿದ ಮೇಲೆ ನಾವು ಕೊಟ್ಟ ಉತ್ತರ ಎಷ್ಟು ತಪ್ಪು ಅಂತ ಗೊತ್ತಾಯ್ತು. ಆವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೀತಿದ್ದೇವೆ.

ನಮ್ಮಲ್ಲಿ ಬಹಳ ಜನಕ್ಕೆ ಒಲೆ ಅಂದರೆ ಅಜ್ಜಿ ಮನೆ ಬಚ್ಚಲಿನ ಹಂಡೆ ಒಲೆ. ಅದರ ಕೆಳಗೆ ಮಣ್ಣೋ ಕಲ್ಲೋ ಇರುತ್ತೆ. ಕೆಂಡ ಉರುಳಿ ಬಿದ್ದರೆ ಬರೀ ಕೈಯಲ್ಲಿ ಹಿಡಿದು ವಾಪಸ್ ಹಾಕುವ ಅಜ್ಜಿಯರಿದ್ದಾರೆ. ಹೆಂಚಿನ ಸಂದು, ಗವಾಕ್ಷಿ, ಬಾಗಿಲ ಕೆಳಗಿನ ಜಾಗ, ಎಲ್ಲ ಕಡೆಯಿಂದ ಗಾಳಿ ಬರುತ್ತೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ವರ್ಮಾಂಟ್‌ನ ಮನೆ ಇದಕ್ಕೆ ಪೂರ್ತಿ ಉಲ್ಟಾ. ಕೆಳಗೆ ಬಿಸಿ ಇಲ್ಲದ ನೆಲಮಾಳಿಗೆ, ಅದರ ಮೇಲೆ ಮರದ ತೊಲೆಗಳು, ತೊಲೆ ಮೇಲೆ ಹಲಗೆ. ಅಂದರೆ ಬೆಂಕಿ ಉರೀತಿರೋದು ಒಣಗಿದ ಮರದ ರಾಶಿಯ ಮಧ್ಯೆ. ಮರ ಮತ್ತು ಬೆಂಕಿ ನಡುವೆ ಇರೋದು ಆ ಇಟ್ಟಿಗೆ ಹಾಸು ಮಾತ್ರ. ಅದನ್ನು ಅಲ್ಲಿ ಹಾರ್ತ್ ಅಂತಾರೆ.

ಸಂದು ಯಾಕೆ ಬಂತು? ನಾವು ಮೊದಲು ಅಂದುಕೊಂಡದ್ದು ಕೆಲಸ ಸರಿಯಾಗಿ ಮಾಡಿಲ್ಲ ಅಂತ. ಹಾಗಲ್ಲ. ಇಂಥ ಹಳೇ ಮನೆಗಳಲ್ಲಿ ಇಟ್ಟಿಗೆಯ ಚಿಮಣಿ ಮತ್ತು ಹಾರ್ತ್ ತಮ್ಮದೇ ಪಾಯದ ಮೇಲೆ ನಿಂತಿರುತ್ತವೆ. ಮರದ ನೆಲ ಮನೆಯ ಗೋಡೆಯ ಪಾಯದ ಮೇಲೆ ಕೂತಿರುತ್ತೆ. ಎರಡು ಬೇರೆ ಬೇರೆ ಕಟ್ಟಡ ಪಕ್ಕಪಕ್ಕ ನಿಂತ ಹಾಗೆ. ಇಟ್ಟಿಗೆ ಕುಗ್ಗಲ್ಲ. ಮರ ಕುಗ್ಗುತ್ತೆ, ತೊಲೆ ಬಾಗುತ್ತೆ. ನೂರು ವರ್ಷದಲ್ಲಿ ಇಬ್ಬರೂ ಸ್ವಲ್ಪ ದೂರ ಆಗ್ತಾರೆ.

ಅದರ ಜೊತೆಗೆ ಪ್ರತಿ ವರ್ಷದ ಏರಿಳಿತ. ಚಳಿಗಾಲದಲ್ಲಿ ಮನೆ ಒಳಗಿನ ಗಾಳಿ ತುಂಬಾ ಒಣ, ಮರದ ತೇವಾಂಶ 6 ಶೇಕಡಾ ಹತ್ತಿರ ಇಳಿಯುತ್ತೆ. ಬೇಸಿಗೆಯಲ್ಲಿ 11ರ ಹತ್ತಿರ ಏರುತ್ತೆ. ಬಿಳಿ ಪೈನ್ ಮರದ ಹಲಗೆ ತೇವಾಂಶ ಒಂದು ಶೇಕಡಾ ಬದಲಾದರೆ ಅಗಲದಲ್ಲಿ ಸುಮಾರು 0.0021 ಭಾಗ ಬದಲಾಗುತ್ತೆ. 10 ಇಂಚು, ಅಂದರೆ 250 ಮಿ.ಮೀ. ಅಗಲದ ಹಲಗೆಗೆ ಲೆಕ್ಕ ಹಾಕಿ: 250 × 5 × 0.0021, ಎರಡೂವರೆ ಮಿ.ಮೀ. ಗಿಂತ ಸ್ವಲ್ಪ ಜಾಸ್ತಿ. ಒಂದೇ ಹಲಗೆಗೆ! ಹಾಗಾಗಿ ಜನವರಿಯಲ್ಲಿ ಸಂದಿಗೆ ಗಟ್ಟಿ ಗಾರೆ ತುಂಬಿದರೆ ಜುಲೈನಲ್ಲಿ ಹಲಗೆ ಉಬ್ಬಿ ಅದನ್ನು ಪುಡಿ ಮಾಡುತ್ತೆ, ಮುಂದಿನ ಜನವರಿಗೆ ಸಂದು ಮತ್ತೆ ಹಾಜರ್. ಅಲ್ಲಿ ಏನೇ ತುಂಬಿದರೂ ಅದು ಎಳೆದರೆ ಹಿಗ್ಗಬೇಕು, ಒತ್ತಿದರೆ ಕುಗ್ಗಬೇಕು.

ಹಿಗ್ಗಿ ಕುಗ್ಗುವ ವಸ್ತು ಅಂದ ಕೂಡಲೇ ನೆನಪಾಗೋದು ಫೋಮ್. ನಮಗೂ ಅದೇ ನೆನಪಾಗಿತ್ತು. ಆದರೆ ಆ ಡಬ್ಬಿಯಲ್ಲಿರೋದು ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್. ಒಣಗಿದ ಮೇಲೂ ಅದು ಉರಿಯುತ್ತೆ. ಅಲ್ಲಿನ ಡಬ್ಬಿಗಳ ಮೇಲೇ ಎಚ್ಚರಿಕೆ ಇರುತ್ತೆ: 240 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 116 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದ ಹತ್ತಿರ ಬೇಡ ಅಂತ. ಕಿತ್ತಳೆ ಬಣ್ಣದ 'ಫೈರ್‌ಬ್ಲಾಕ್' ಫೋಮ್ ಅಂತ ಇನ್ನೊಂದು ಸಿಗತ್ತೆ. ಹೆಸರು ಕೇಳಿ ಇದು ಸುಡಲ್ಲ ಅಂದುಕೊಳ್ಳೋದು ಸಹಜ. ಅದು ವೈರು, ಪೈಪು ಗೋಡೆ ದಾಟುವ ತೂತುಗಳಿಗೆ ಮಾಡಿದ್ದು. ಸ್ಟವ್‌ಗೂ ಚಿಮಣಿಗೂ ಅಲ್ಲ. ಅದೂ ಉರಿಯುವ ವಸ್ತುವೇ.

ಈಗ ಆ ಸಂದನ್ನೇ ನೋಡಿ. ಸ್ಟವ್ ಬಾಗಿಲು ತೆಗೆದು ಸೌದೆ ಹಾಕುವಾಗ ಒಂದು ಕೆಂಡ ಸಿಡಿದು ಸಂದಿಗೆ ಬಿತ್ತು ಅಂದುಕೊಳ್ಳಿ. ಒಳಗೆ ವರ್ಷಗಟ್ಟಲೆ ಕೂತ ಧೂಳು, ಬಟ್ಟೆಯ ನಾರು, ತರಗು, ಒಂದು ಕಡೆ ಒಣ ಮರ. ಕೆಳಗಿನಿಂದ ಸಣ್ಣಗೆ, ನಿಲ್ಲದೆ ಬರುವ ಗಾಳಿ. ಊದುಗೊಳವೆ ಹಿಡಿದು ಯಾರೋ ಕೆಳಗಿನಿಂದ ಊದ್ತಿರೋ ಹಾಗೆ. ಅಂದರೆ ಸಂದನ್ನು ಹಾಗೇ ಬಿಡೋದೂ ಅಪಾಯ. ಅದಕ್ಕೆ ಫೋಮ್ ತುಂಬಿದರೆ ಕೆಂಡಕ್ಕೆ ಇನ್ನೊಂದು ಸೌದೆ ಕೊಟ್ಟ ಹಾಗೆ. ಹಳೇ ಮನೆಗಳಲ್ಲಿ ಸೆಣಬಿನ ಹಗ್ಗ, ಮರದ ಹೊಟ್ಟು ಮತ್ತು ಅಂಟು ಕಲಸಿ ತುಂಬಿರೋದೂ ಉಂಟು. ಅದರದ್ದೂ ಇದೇ ಕಥೆ. ಕೆಲವರು ಗಾಳಿ ತಡೆಯಲಿ ಅಂತ ಮೇಲೆ ಒಂದು ರಗ್ಗು ಹಾಸಿಬಿಡ್ತಾರೆ. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಕೆಳಗೆ ಏನಾಗ್ತಿದೆ ಅಂತ ಕಾಣೋದೂ ಇಲ್ಲ.

ಹಾಗಾದರೆ ಎಲ್ಲಿ ಏನು ಹಾಕಬಹುದು? ಮೊದಲು ಟೇಪು ಹಿಡಿದು ಅಳೆಯಬೇಕು. ಪರೀಕ್ಷೆ ಪಾಸಾಗಿ ಲೇಬಲ್ ಇರುವ ಸ್ಟವ್‌ಗೆ ಅದರ ಮ್ಯಾನುಅಲ್ ಹೇಳಿದ್ದೇ ಅಂತಿಮ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ಹೇಳೋದು: ಸೌದೆ ಹಾಕುವ ಬಾಗಿಲ ಮುಂದೆ ಕನಿಷ್ಠ 16 ಇಂಚು, ಪಕ್ಕಗಳಲ್ಲಿ 8 ಇಂಚು ಸುಡದ ಹಾಸು ಇರಬೇಕು. ಕೆನಡಾದಲ್ಲಿ ಮುಂದಿನದು 18 ಇಂಚು. ಲೇಬಲ್ ಇಲ್ಲದ ಹಳೇ ಸ್ಟವ್ ಆದರೆ ನಿಯಮ ಇನ್ನೂ ಬಿಗಿ. ಈ ಗೆರೆಯ ಒಳಗೆ ಸಂದು ಇದ್ದರೆ ಅಲ್ಲಿ ಹಾಕುವ ಪ್ರತಿಯೊಂದೂ ಸುಡದ ವಸ್ತುವೇ ಆಗಿರಬೇಕು. ಗೆರೆ ಹೊರಗಿದ್ದರೆ, ನೆಲ ಬಿಸಿಯಾಗದಿದ್ದರೆ, ಮಾಮೂಲಿ ಹಿಗ್ಗುವ ಸೀಲೆಂಟ್ ಸಾಕು.

ಅಕ್ಕನ ಮನೆಯಲ್ಲಿ ಮುಂದಿನ ಸಂದು ಬಾಗಿಲಿನಿಂದ 20 ಇಂಚು ದೂರ ಇತ್ತು, ತೊಂದರೆ ಇಲ್ಲ. ಎಡಗಡೆಯದು ಬರೀ 5 ಇಂಚು. ಅಂದರೆ ಅಲ್ಲಿ ಹಾರ್ತೇ ಚಿಕ್ಕದು, ಸಂದು ಮುಚ್ಚೋದು ಆಮೇಲಿನ ಮಾತು.

ಇಲ್ಲಿ ಒಂದು ತಪ್ಪು ಕಲ್ಪನೆ ಹೇಳಲೇಬೇಕು, ನಮಗೂ ಇತ್ತು. "ಟೈಲ್ಸ್ ಹಾಕಿದೆಯಲ್ಲ, ಮರಕ್ಕೆ ಏನಾಗುತ್ತೆ?" ಸುಡದೇ ಇರೋದು ಬೇರೆ, ಶಾಖ ತಡೆಯೋದು ಬೇರೆ. ಇಟ್ಟಿಗೆಯ ಉಷ್ಣವಾಹಕತೆ ಸುಮಾರು 0.7, ಮಿನರಲ್ ವೂಲ್‌ನದ್ದು 0.04. ಇಟ್ಟಿಗೆ ಹದಿನೇಳು ಪಟ್ಟು ಸುಲಭವಾಗಿ ಶಾಖ ದಾಟಿಸುತ್ತೆ. ತೆಳು ಟೈಲ್ ಅಂತೂ ತಡೆಯೋದೇ ಇಲ್ಲ. ಕಾಲು ಗಿಡ್ಡ ಇರುವ ಸ್ಟವ್ ಕೆಳಗಿನ ಮರ ನಿಧಾನವಾಗಿ, ಚಳಿಗಾಲ ಆದ ಮೇಲೆ ಚಳಿಗಾಲ, ಬೇಯ್ತಾ ಇರುತ್ತೆ. ಹಾಗೆ ಬೆಂದ ಮರ ಹೊಸ ಮರಕ್ಕಿಂತ ಕಡಿಮೆ ಬಿಸಿಯಲ್ಲೇ ಹೊತ್ತಿಕೊಳ್ಳುತ್ತೆ. ಅದಕ್ಕೇ ಅಮೆರಿಕದ ಸ್ಟವ್ ಪರೀಕ್ಷೆಯಲ್ಲಿ ಹಾಸಿನ ಕೆಳಗೆ ಅಡಗಿದ ಮರ ಕೋಣೆಯ ತಾಪಕ್ಕಿಂತ 50 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾಗಬಾರದು ಅಂತ ಮಿತಿ ಇದೆ.

ಹಾಸಿನ ಕೆಳಗೆ ಏನಿದೆ ನೋಡೋಣ ಅಂತ ಅಕ್ಕನಿಗೆ ನೆಲಮಾಳಿಗೆಯಿಂದ ಫೋಟೋ ತೆಗೆಯೋಕೆ ಹೇಳಿದ್ವಿ. ಆ ಫೋಟೋ ಬಂದಾಗ ನಮ್ಮ ಸಿವಿಲ್ ಗೆಳೆಯ ಒಂದು ನಿಮಿಷ ಸುಮ್ಮನಾದ. ಆಮೇಲೆ ಅಂದ: "ಲೋ, ಸೆಂಟ್ರಿಂಗ್ ಹಲಗೆ ಬಿಚ್ಚೇ ಇಲ್ಲ ಕಣ್ರೋ!"

ನಿಜ. ಹಾರ್ತಿನ ಮುಂಭಾಗದ ಅಡಿಗೆ, ಕಟ್ಟುವಾಗ ಆಸರೆಗೆ ಕೊಟ್ಟಿದ್ದ ಮರದ ಹಲಗೆಗಳು ಹಾಗೇ ಅಂಟಿಕೊಂಡಿದ್ದವು. ಒಂದರ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಹಳೇ ಮನೆಗಳಲ್ಲಿ ಇದು ಅಪರೂಪ ಏನಲ್ಲವಂತೆ. ಇವತ್ತಿನ ಅಮೆರಿಕದ ವಸತಿ ಕಟ್ಟಡ ನಿಯಮದಲ್ಲಿ, ಕಟ್ಟಿದ ಮೇಲೆ ಹಾರ್ತಿನ ಅಡಿಗೆ ಸುಡುವ ವಸ್ತು ಏನೂ ಉಳಿಯಬಾರದು ಅಂತ ನೇರವಾಗಿ ಬರೆದಿದೆ. ಗೊತ್ತಿಲ್ಲದೇ ಮೇಲಿನಿಂದ ಫೋಮ್ ಹೊಡೆದಿದ್ದರೆ ಅದು ಇಳಿದು, ಉಬ್ಬಿ, ಈ ಹಲಗೆಗಳ ಸುತ್ತ ಕೂತುಬಿಡ್ತಿತ್ತು. ಮೇಲಿಂದ ನೋಡಿದರೆ ಕೆಲಸ ನೀಟಾಗಿ ಕಾಣ್ತಿತ್ತು, ಗಾಳಿಯೂ ನಿಲ್ತಿತ್ತು. ನಾವು "ಸೂಪರ್ ಅಕ್ಕ" ಅಂತ ಒಂದು ಹೆಬ್ಬೆರಳು ಕಳಿಸ್ತಿದ್ವಿ.

ಅಕ್ಕ ಆವತ್ತೇ ಸ್ಟವ್ ಆರಿಸಿ ಮನೆ ಓನರ್‌ಗೆ ಫೋನ್ ಮಾಡಿದರು. ಅಲ್ಲಿ ಚಿಮಣಿ ಸ್ವೀಪ್ ಅಂತ ಒಂದು ವೃತ್ತಿಯೇ ಇದೆ, ವರ್ಷಕ್ಕೊಮ್ಮೆ ಚಿಮಣಿ ನೋಡಿಸಬೇಕು ಅಂತ ಅಲ್ಲಿನ ಅಗ್ನಿ ಸುರಕ್ಷತಾ ಮಾನದಂಡವೂ ಹೇಳುತ್ತೆ. ಅವರು ಬಂದು ನೋಡಿ, ಹಲಗೆ ತೆಗೆಯೋವರೆಗೆ ಬೆಂಕಿ ಹಾಕಲೇಬೇಡಿ ಅಂದರು. ಹಲಗೆ ಇನ್ನೂ ಭಾರ ಹೊತ್ತಿದೆಯಾ ಅಂತ ಮೇಸ್ತ್ರಿ ಪರೀಕ್ಷಿಸಿದ ಮೇಲೆ ಬಿಚ್ಚಿದರು. ಆ ಎರಡು ವಾರ ಅಕ್ಕ ಎಲೆಕ್ಟ್ರಿಕ್ ಹೀಟರ್ ಮುಂದೆ ಎರಡು ಸ್ವೆಟರ್ ಹಾಕಿ ಕೂತಿದ್ದರು.

ನೆಲಮಾಳಿಗೆಯ ಫೋಟೋದಲ್ಲಿ ಇನ್ನೊಂದು ಸಂದೂ ಕಂಡಿತ್ತು. ಚಿಮಣಿಯ ಇಟ್ಟಿಗೆಗೂ ತೊಲೆಗಳಿಗೂ ನಡುವೆ ಎರಡು ಇಂಚು ಖಾಲಿ ಜಾಗ. ಅಲ್ಲಿಂದ ಬರುವ ಗಾಳಿ ಹಾರ್ತಿನ ಸಂದಿನದಕ್ಕಿಂತ ಜೋರು. ಇದನ್ನಂತೂ ಮೊದಲು ತುಂಬಬೇಕು ಅನ್ನಿಸುತ್ತೆ ಅಲ್ವಾ? ಇದು ಬೇಕಂತಲೇ ಬಿಟ್ಟ ಸಂದು. ಮನೆ ಒಳಗಿನ ಇಟ್ಟಿಗೆ ಚಿಮಣಿಗೂ ಮರಕ್ಕೂ 2 ಇಂಚು ಅಂತರ ಇರಲೇಬೇಕು, ಅದನ್ನು ತುಂಬಬಾರದು ಅನ್ನೋದು ನಿಯಮ. ಗ್ಲಾಸ್ ವೂಲ್ ಸಹ ತುರುಕಬಾರದು, ಯಾಕೆಂದರೆ ಗಾಳಿ ಆಡದಿದ್ದರೆ ಇಟ್ಟಿಗೆಯ ಶಾಖ ಹೋಗಲು ಜಾಗ ಇಲ್ಲದೆ ಮರಕ್ಕೇ ಏರುತ್ತೆ. ಒಂದು ಮಹಡಿಯಿಂದ ಇನ್ನೊಂದಕ್ಕೆ ಬೆಂಕಿ, ಗಾಳಿ ದಾಟದ ಹಾಗೆ ನೆಲದ ಮಟ್ಟದಲ್ಲಿ ಮಾತ್ರ ಅಡ್ಡ ಮುಚ್ಚಬಹುದು, ಅದೂ ಸುಡದ ವಸ್ತುವಿನಿಂದ. ಸಾಮಾನ್ಯವಾಗಿ ತಗಡಿನ ಪಟ್ಟಿ ಕತ್ತರಿಸಿ ತೊಲೆಗೆ ಮೊಳೆ ಹೊಡೆದು, ಇಟ್ಟಿಗೆಗೆ ತಾಗುವ ಅಂಚಿಗೆ ಹೆಚ್ಚು ಶಾಖ ತಡೆಯುವ ಸೀಲೆಂಟ್ ಎಳೆಯುತ್ತಾರೆ.

ಎಡಗಡೆ ಮಾಡಿದ್ದು ಇಷ್ಟು. ಮೊದಲು ಸ್ಟವ್ ಪೂರ್ತಿ ತಣ್ಣಗಾದ ಮೇಲೆ ಸಂದಿನೊಳಗಿನ ಧೂಳನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದರು. (ಬೂದಿ ಕಂಡರೆ ವ್ಯಾಕ್ಯೂಮ್ ಹಾಕಬೇಡಿ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತೆ. ಬೂದಿಯನ್ನು ಮುಚ್ಚಳ ಇರುವ ತಗಡಿನ ಬಕೆಟ್‌ಗೆ ತುಂಬಿ ಮನೆ ಹೊರಗೆ, ಮರದ ಜಗುಲಿ ಮೇಲಲ್ಲ, ಬರೀ ನೆಲದ ಮೇಲೆ ಇಡಬೇಕು.) ಆಮೇಲೆ ಕಲ್ಲಿನಿಂದ ಮಾಡಿದ ಮಿನರಲ್ ವೂಲ್ ಅನ್ನು ಬಿಗಿಯಾಗಿ ತುರುಕಿದರು. ಅದು 1000 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕರಗಲ್ಲ, ಆದರೆ ಗಾಳಿ ಅದರೊಳಗಿಂದ ನುಸುಳುತ್ತೆ, ಹಾಗಾಗಿ ಅದೊಂದೇ ಸಾಲದು. ಮೇಲೆ ಸಂದನ್ನು ಪೂರ್ತಿ ದಾಟುವ ಒಂದೇ ತುಂಡಿನ ತಗಡು. ಮೊಳೆ ಒಂದೇ ಕಡೆ, ಮರಕ್ಕೆ ಮಾತ್ರ. ಇಟ್ಟಿಗೆ ಕಡೆ ಸುಮ್ಮನೆ ಜಾರಲಿ, ಯಾಕೆಂದರೆ ಹಲಗೆ ಜುಲೈನಲ್ಲಿ ಉಬ್ಬುತ್ತೆ. ಅದರ ಮೇಲೆ ಮ್ಯಾನುಅಲ್ ಕೇಳಿದಷ್ಟು ಶಾಖ ತಡೆಯುವ, ಲೇಬಲ್ ಇರುವ ಹಾರ್ತ್ ಪ್ಯಾಡ್. ಮುಂದಿನ ಸಂದಿಗೆ ಅದೇ ಮಿನರಲ್ ವೂಲ್, ಮೇಲೆ ಕಂದು ಬಣ್ಣದ ಸಿಲಿಕೋನ್ ಸೀಲೆಂಟ್. ಹಳೇ ನೆಲ ಕೆರೆಯುವ ಮುಂಚೆ ಇನ್ನೊಂದು ಮಾತು: 1978ಕ್ಕಿಂತ ಹಿಂದಿನ ಅಮೆರಿಕನ್ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಹಳೇ ಸ್ಟವ್ ಬೋರ್ಡು, ನೆಲದ ಟೈಲುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಇದ್ದರೆ ಕೆರೆಯದೇ ಪರೀಕ್ಷೆ ಮಾಡಿಸಬೇಕು.

ಇಲ್ಲಿಗೆ ಮುಗೀತು ಅಂದುಕೊಂಡಿದ್ವಿ. ಆಗ ನಮ್ಮಲ್ಲೊಬ್ಬ ಕೇಳಿದ: "ಸ್ಟವ್‌ಗೆ ಗಾಳಿ ಎಲ್ಲಿಂದ ಬರ್ತಿತ್ತು?"

ಲೆಕ್ಕ ಹಾಕೋಣ. ಮೊದಲು ಗಾಳಿ ಯಾಕೆ ಬರುತ್ತೆ ಅಂತ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 20. ಒಳಗಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.20 ಕೆ.ಜಿ., ಹೊರಗಿನದು 1.39. ವ್ಯತ್ಯಾಸವನ್ನು 9.81ರಿಂದ ಗುಣಿಸಿದರೆ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 1.9 ಪ್ಯಾಸ್ಕಲ್. 6 ಮೀಟರ್ ಎತ್ತರದ ಮನೆಗೆ 11. ಅರ್ಧ ಮೇಲೆ ಹೊರಕ್ಕೆ ತಳ್ಳುತ್ತೆ, ಅರ್ಧ ಕೆಳಗೆ ಒಳಕ್ಕೆ ಎಳೆಯುತ್ತೆ. ಮನೆಯೇ ಒಂದು ಚಿಮಣಿ. ಇದರಲ್ಲಿ 2 ಪ್ಯಾಸ್ಕಲ್ ಮಾತ್ರ ಆ ಸಂದಿಗೆ ಸಿಕ್ಕಿತು ಅಂದರೂ, 5 ಮಿ.ಮೀ. ಅಗಲ, 1 ಮೀಟರ್ ಉದ್ದದ ಸಂದಿನಿಂದ ಗಂಟೆಗೆ ಸುಮಾರು 20 ಘನ ಮೀಟರ್ ಗಾಳಿ ಬರುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಆರಿಫಿಸ್ ಸೂತ್ರ, ಗುಣಾಂಕ 0.6, ನೀವೇ ಹಾಕಿ ನೋಡಿ.

ಈಗ ಸ್ಟವ್. ಒಂದು ಕೆ.ಜಿ. ಒಣ ಸೌದೆ ಉರಿಯಲು ಲೆಕ್ಕಕ್ಕೆ 6 ಕೆ.ಜಿ. ಗಾಳಿ ಬೇಕು, ನಿಜವಾಗಿ ಸುಮಾರು ಅದರ ಎರಡರಷ್ಟು ಹೋಗುತ್ತೆ. ಗಂಟೆಗೆ 2 ಕೆ.ಜಿ. ಸೌದೆ ಅಂದರೆ 24 ಕೆ.ಜಿ. ಗಾಳಿ, ಅಂದರೆ 20 ಘನ ಮೀಟರ್. ನಾವು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದ್ವಿ. ಯಾವ ಸಂದನ್ನು ಮುಚ್ಚೋಕೆ ಹೊರಟಿದ್ವೋ ಆ ಒಂದೇ ಸಂದು ಸ್ಟವ್ ತಿನ್ನುವಷ್ಟು ಗಾಳಿ ಕೊಡ್ತಿತ್ತು.

ಹಾಗಂತ ಮುಚ್ಚಿದ ಕೂಡಲೇ ಸ್ಟವ್ ಉಸಿರುಗಟ್ಟಲ್ಲ. ಹಳೇ ಮನೆಗೆ ಇನ್ನೂ ನೂರು ಸಂದಿವೆ. ಆದರೆ ಕೆಳಗಿನವನ್ನು ಮಾತ್ರ ಮುಚ್ಚಿ ಅಟ್ಟದ ಸಂದುಗಳನ್ನು ಹಾಗೇ ಬಿಟ್ಟರೆ, ಒಳಗೂ ಹೊರಗೂ ಒತ್ತಡ ಸಮ ಇರುವ ಮಟ್ಟ ಮೇಲಕ್ಕೆ ಸರಿಯುತ್ತೆ, ಸ್ಟವ್ ಇರುವ ಕೆಳಗಿನ ಕೋಣೆಯಲ್ಲಿ ಒತ್ತಡ ಇನ್ನೂ ಇಳಿಯುತ್ತೆ. ಬಿಸಿ ಇದ್ದಾಗ ಚಿಮಣಿ ಸುಮಾರು 12ರಿಂದ 25 ಪ್ಯಾಸ್ಕಲ್‌ನಲ್ಲಿ ಎಳೆಯುತ್ತೆ, ಪರವಾಗಿಲ್ಲ. ರಾತ್ರಿ ಬೆಂಕಿ ಇಳಿದು ಕೆಂಡ ಮಾತ್ರ ಉಳಿದಾಗ ಚಿಮಣಿ ತಣ್ಣಗಾಗುತ್ತೆ, ಎಳೆತ ಕಡಿಮೆಯಾಗುತ್ತೆ. ಕಾರ್ಬನ್ ಮೊನಾಕ್ಸೈಡ್ ಹುಟ್ಟೋದು ಅದೇ ಕೆಂಡದಿಂದ, ಮನೆಯವರು ನಿದ್ದೆ ಮಾಡೋದೂ ಅದೇ ಹೊತ್ತಲ್ಲಿ. ಆಗ ಅಡುಗೆಮನೆ ಎಕ್ಸಾಸ್ಟ್ ಓಡ್ತಿದ್ದರೆ ಚಿಮಣಿ ಉಲ್ಟಾ ಹರಿಯಬಹುದು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿಯನ್ನು ನಾವೂ ಚಳಿಗಾಲದಲ್ಲಿ ಓದ್ತೇವಲ್ಲ, ಅದೇ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ.

ಅದಕ್ಕೇ ಅಕ್ಕನಿಗೆ ಮೂರು ಕೆಲಸ ಹೇಳಿದ್ವಿ. ಮಲಗುವ ಕೋಣೆ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅಟ್ಟದ ಬಾಗಿಲಿಗೆ ಪಟ್ಟಿ, ಅಲ್ಲಿನ ವೈರು ತೂತುಗಳಿಗೆ ಸೀಲೆಂಟ್. ಬಿಸಿ ಗಾಳಿ ಮೇಲಿಂದ ಹೋಗೋದು ನಿಂತರೆ ಕೆಳಗಿಂದ ತಣ್ಣನೆ ಗಾಳಿ ಬರೋದೂ ಕಡಿಮೆಯಾಗುತ್ತೆ, ಸ್ಟವ್‌ಗೂ ಒಳ್ಳೇದು. ನಿಜ ಹೇಳಬೇಕಂದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಮೂರನೆಯದು ಊದಿನಕಡ್ಡಿ ಪರೀಕ್ಷೆ, ಅದಕ್ಕೆ ಬೇಕಾದದ್ದು ಅಕ್ಕನ ದೇವರ ಮನೆಯಲ್ಲೇ ಇತ್ತು. ಸ್ಟವ್ ಆರಿರುವಾಗ ಎಲ್ಲ ಕಿಟಕಿ ಮುಚ್ಚಿ, ಸ್ಟವ್ ಬಾಗಿಲು ತೆಗೆದು, ಕಡ್ಡಿಯನ್ನು ಬಾಗಿಲ ಹತ್ತಿರ ಹಿಡಿಯೋದು. ಹೊಗೆ ಒಳಗೆ ಹೋಗಬೇಕು. ಆಮೇಲೆ ಅಡುಗೆಮನೆ, ಬಚ್ಚಲ ಎಕ್ಸಾಸ್ಟ್ ಎರಡೂ ಹಾಕಿ ಮತ್ತೆ ಹಿಡಿಯೋದು.

ಮೊದಲ ಸಲ ಹೊಗೆ ಒಳಗೆ ಹೋಯ್ತು. ಎಕ್ಸಾಸ್ಟ್ ಹಾಕಿದ ಮೇಲೆ ಅಕ್ಕನ ಮುಖಕ್ಕೇ ಬಂತು. ವಿಡಿಯೋ ಕಾಲ್‌ನಲ್ಲಿ ನಾವೆಲ್ಲ ನೋಡಿದ್ವಿ. ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಾಗ ಹೊಗೆ ಮತ್ತೆ ಒಳಗೆ ತಿರುಗಿತು. ಸ್ಟವ್‌ಗೆ ಹೊರಗಿನ ಗಾಳಿಯನ್ನು ನೇರ ಕೊಡುವ ಪೈಪು ಕೂರಿಸಬಹುದು ಅಂತ ಅದರ ಮ್ಯಾನುಅಲ್‌ನಲ್ಲಿದೆ, ಓನರ್ ಬೇಸಿಗೆಯಲ್ಲಿ ಮಾಡಿಸ್ತೀನಿ ಅಂದಿದ್ದಾರೆ. ಅಲ್ಲಿವರೆಗೆ ಬೆಂಕಿ ಇದ್ದಾಗ ಅಡುಗೆಮನೆ ಎಕ್ಸಾಸ್ಟ್ ಹಾಕಲ್ಲ, ಒಗ್ಗರಣೆ ಹಾಕುವ ದಿನ ಆ ಕಿಟಕಿ ಎರಡು ಬೆರಳು ತೆರೆದಿರುತ್ತೆ. ಫೋಮ್ ಡಬ್ಬಿಯನ್ನೂ ಅಕ್ಕ ಕೊನೆಗೆ ತಂದರು. ಚಿಮಣಿಯಿಂದ ದೂರ, ನೆಲಮಾಳಿಗೆಯ ಇನ್ನೊಂದು ತುದಿಯಲ್ಲಿ, ಪಾಯದ ಗೋಡೆ ಮೇಲೆ ಮರ ಕೂರುವ ಕಡೆ ಬೆಳಕು ಕಾಣುವಷ್ಟು ಸಂದಿತ್ತು. ಅದಕ್ಕೆ ಹೊಡೆದರು.